ನೆಟ್ ಕೇಳಲು ಯಾರೂ ಬಾರದ ಭಾನುವಾರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಮುಖ ಸಣ್ಣದು ಮಾಡಿಕೊಳ್ಳುತ್ತೀರಿ. ವಾಲಿಬಾಲ್‌ನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಪುಟ ತಿರುಗಿಸುತ್ತೀರಿ. (ತಿರುಗಿಸಿ. ಮುಂದಿನ ಪುಟದಲ್ಲೂ ವಾಲಿಬಾಲೇ ಇದೆ.)

ಮೊದಲ ಡ್ರಾಫ್ಟ್ ಹೀಗಿತ್ತು: ‘ಶಾಲೆ ಹಾಗೂ ಆರೋಗ್ಯ ಕೇಂದ್ರದ ಸಹಭಾಗಿತ್ವದಲ್ಲಿ, ಕ್ರೀಡೆಯ ಮೂಲಕ ಸಮುದಾಯಗಳ ಬಲವರ್ಧನೆ...’ ಅದು ಕಥೆಯಲ್ಲ, ಬ್ಯಾನರ್. ಹರಿದು ಹಾಕಿದೆ.

೨

ವಿಷಯ ಇಷ್ಟು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನಲ್ಲಿ ನೀರಿನ ಕಾರಣಕ್ಕೆ ಎಣ್ಣೆ ಸೀಗೆಕಾಯಿ ಸಂಬಂಧ. ಎರಡೂ ಕಡೆಯವರನ್ನು ಸೇರಿಸಿ ವಾಲಿಬಾಲ್ ಆಡಿಸೋಣ ಎಂದವರು ಮೇಲಿನ ಬೀದಿಯ ನರ್ಸಮ್ಮ. ಶಾಲೆಯವರು ಮೈದಾನ ಬಿಟ್ಟುಕೊಟ್ಟರು. ಆರೋಗ್ಯ ಕೇಂದ್ರದವರು ಚೆಂಡು, ನೆಟ್ ಕೊಟ್ಟರು. ಕೆಳಗಿನ ಬೀದಿಯ ವೆಲ್ಡರ್ ಕಂಬ ಮಾಡಿ ನಿಲ್ಲಿಸಿದ. ನಿಯಮ ಮಾಡಿದವನೂ ಅವನೇ: ಚೆಂಡು ಮೇಲೆ ನರ್ಸಮ್ಮನ ಮನೆಯಲ್ಲಿರಲಿ, ನೆಟ್ ಕೆಳಗೆ ತನ್ನ ಮನೆಯಲ್ಲಿರಲಿ.

“ಎಷ್ಟೇ ಜಗಳ ಆಡಿದ್ರೂ ಭಾನುವಾರ ಬಾಗ್ಲು ತಟ್ಲೇಬೇಕಲ್ಲ ನರ್ಸಮ್ಮ,” ಎಂದಿದ್ದ.

ಹಾಗೆ ಪ್ರತಿ ಭಾನುವಾರ ಬೆಳಿಗ್ಗೆ ಮೇಲಿನ ಬೀದಿಯವರು ಚೆಂಡು ಹಿಡಿದು ಬರುತ್ತಿದ್ದರು. “ಅಕ್ಕಾ, ನೆಟ್ ಕೊಡಿ.” ಅಕ್ಕ ಎಂದರೆ ವೆಲ್ಡರನ ಹೆಂಡತಿ. ನೆಟ್ಟಿನ ಹರಿದ ಕಣ್ಣುಗಳನ್ನು ನೈಲಾನ್ ದಾರದಿಂದ ಹೊಲಿದು, ಮಡಿಸಿ ಇಟ್ಟಿರುತ್ತಿದ್ದಳು. ಕೊಡುವ ಮೊದಲು ಎಲ್ಲರಿಗೂ ಟೀ. (ಅವರು ಆಟಕ್ಕೆ ಬರುತ್ತಿದ್ದರೋ ಟೀಗೆ ಬರುತ್ತಿದ್ದರೋ ಎಂದು ನನಗೂ ಅನುಮಾನ.)

೩

ವೆಲ್ಡರ್ ಸತ್ತ. ಎದೆನೋವು, ಕೆಲಸದ ಶೆಡ್ಡಿನಲ್ಲೇ. ನಾನು ಸಾಯಿಸಲಿಲ್ಲ, ಬರೆಯಲು ಕೂತಾಗಲೇ ಅವನಿರಲಿಲ್ಲ.

ಎರಡೂ ಬೀದಿಯವರು ಅತ್ತರು. ಆಟ ನಿಂತಿತು. ಮತ್ತೆ ಶುರು ಮಾಡುವ ಮಾತು ಬಂದಾಗ ನರ್ಸಮ್ಮ ಅಂದರು, “ಪಾಪ, ಆಯಮ್ಮನ ಹತ್ರ ಹೋಗಿ ನೆಟ್ ಕೊಡು ಅಂತ ಯಾವ ಬಾಯಲ್ಲಿ ಕೇಳೋದು?” ಎಲ್ಲರೂ ಹೌದೆಂದು ತಲೆಯಾಡಿಸಿದರು. ಶಾಲೆಯವರು ಹೊಸ ನೆಟ್ ತರಿಸಿಕೊಟ್ಟರು.

ಇಷ್ಟು ಒಳ್ಳೆಯ ಜನ ಸೇರಿ ಇಷ್ಟು ದೊಡ್ಡ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಆಟ ಮತ್ತೆ ಶುರುವಾದ ಭಾನುವಾರ ಅಕ್ಕ ಟೀಗೆ ನೀರಿಟ್ಟು ಕಾಯುತ್ತಿದ್ದಳು. ಅವತ್ತಿನಿಂದ ಯಾರೂ ಆ ಬಾಗಿಲು ತಟ್ಟಿಲ್ಲ.

೪

ಒಂದು ಮುಕ್ತಾಯ: ನರ್ಸಮ್ಮ ಬಂದು ಬಾಗಿಲು ತಟ್ಟುತ್ತಾರೆ. ಅಕ್ಕ ಅಳುತ್ತಾಳೆ. ಎಲ್ಲರೂ ಹಳೇ ನೆಟ್ ಕಟ್ಟಿ ಆಡುತ್ತಾರೆ.

ಅಕ್ಕ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ಅವರೆಲ್ಲಿ ಬಂದ್ರು? ನೀವು ಕಳಿಸಿದ್ರಿ, ಬಂದ್ರು. ಮುಂದಿನ ಭಾನುವಾರ ಯಾರನ್ನ ಕಳಿಸ್ತೀರಿ?”

ಹೊಡೆದುಹಾಕಿದೆ.

ಇನ್ನೊಂದು: ಅವಳೇ ನೆಟ್ ಹೊತ್ತು ಮೈದಾನಕ್ಕೆ ಹೋಗುತ್ತಾಳೆ.

“ನಾನು ಹೋಗಲ್ಲ. ನಾನೇ ಹೋಗಿ ಕೊಟ್ರೆ ವಾಪಸ್ ಕೊಟ್ಟಂಗೆ ಆಯ್ತು. ಅಲ್ಲಿಗೆ ಮುಗೀತು.”

“ಹಾಗಾದ್ರೆ ನಾನೇ ಬಂದು ಕೇಳ್ಲಾ ಅಕ್ಕಾ?”

“ನಿಮಗೆ ಸರ್ವಿಸ್ ಮಾಡೋಕೆ ಬರುತ್ತಾ?”

ಬರುವುದಿಲ್ಲ. (ಶಾಲೆಯಲ್ಲೂ ನಾನು ಸ್ಕೋರ್ ಬರೆಯಲು ಕೂರುತ್ತಿದ್ದವನು.)

“ಮತ್ತೆ ನಿಮಗ್ಯಾಕೆ ನೆಟ್ಟು? ಅಯ್ಯೋ ಪಾಪ ಅನ್ನೋರು ನನಗೆ ಬೇಡ ಸಾರ್. ನೆಟ್ ಬೇಕಾಗಿರೋರು ಬರ್ಲಿ.”

ಲೇಖಕನೆಂದು ಬೀಗುತ್ತಿದ್ದವನು ಆ ಮುಕ್ತಾಯವನ್ನೂ ಹೊಡೆದುಹಾಕಿದೆ.

೫

ಇವತ್ತು ಭಾನುವಾರ, ಅಕ್ಕನ ಮನೆಯಲ್ಲಿ ಕೂತಿದ್ದೇನೆ. ಮೈದಾನದಿಂದ ಚೆಂಡಿನ ಸದ್ದು, ನಗು, ನರ್ಸಮ್ಮನ ಸೀಟಿ ಎಲ್ಲ ಈ ಮನೆಗೆ ಕೇಳುತ್ತದೆ. ಅಕ್ಕನ ಮಡಿಲಲ್ಲಿ ಹಳೇ ನೆಟ್ ಇದೆ. ಹೊಲಿಯಲು ಅದರಲ್ಲಿ ಹರಿದ ಕಣ್ಣು ಒಂದೂ ಉಳಿದಿಲ್ಲ. ಅವಳು ಕತ್ತರಿ ತೆಗೆದುಕೊಂಡು ಒಂದು ಕಣ್ಣನ್ನು ತಾನೇ ಕತ್ತರಿಸಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿ ಹೊಲಿಯತೊಡಗಿದಳು.

ನನಗೆ ನೋಡಲಾಗಲಿಲ್ಲ. ಇಲ್ಲಿಗೆ ಕಥೆ ಮುಗಿಸಿ ಹೊರಟುಬಿಡೋಣವೆಂದು ಎದ್ದೆ.

“ಹೋಗ್ತಾ ಬಾಗ್ಲು ಎಳ್ಕೋಬೇಡಿ,” ಎಂದಳು ತಲೆ ಎತ್ತದೆ. “ತೆಗ್ದೇ ಇರ್ಲಿ. ಟೀಗೆ ನೀರಿಟ್ಟಿದ್ದೀನಿ.”

ತೆಗೆದೇ ಬಿಟ್ಟು ಬಂದಿದ್ದೇನೆ. ನೀರು ಎಷ್ಟು ಜನಕ್ಕಾಗುವಷ್ಟಿತ್ತು ಎಂದು ಒಳಗೆ ಹೋಗಿ ನೋಡಲಿಲ್ಲ.