ಕೋಡಿಯ ಮೇಲಿನ ಚೀಲಗಳು

ತುಂಬಿದ ಕೆರೆಯನ್ನು ನೋಡಲು ಊರೆಲ್ಲ ಏರಿಯ ಮೇಲೆ ನಿಂತಿದ್ದರೆ, ಕಾಂಚನಾ ಒಬ್ಬಳೇ ಏರಿಯ ಹಿಂದೆ, ಕೆಳಗೆ, ನೆಲ ನೋಡುತ್ತ ನಡೆಯುತ್ತಿದ್ದಳು. ಕೊಳೆತ ಜಾಲಿ ಬೊಡ್ಡೆಯ ಹತ್ತಿರ ಅವಳ ಕಾಲು ತಣ್ಣಗಾಯಿತು. ಮಣ್ಣಿನಿಂದ ನೀರು ಜಿನುಗುತ್ತಿತ್ತು. ಬೊಗಸೆಯಲ್ಲಿ ಹಿಡಿದು ನೋಡಿದಳು. ಚಹಾದ ಬಣ್ಣ.

ಏರಿಯ ಹಿಂದೆ ತಿಳಿನೀರು ಜಿನುಗುವುದು ಹೊಸದಲ್ಲ. ಆದರೆ ಇದು ಏರಿಯ ಮಣ್ಣನ್ನೇ ಕರಗಿಸಿಕೊಂಡು ಬರುತ್ತಿತ್ತು.

ಪರಶುರಾಂಪುರದ ಆಚೆಗಿನ ಆ ಊರಿನ ಕೆರೆಯಂಗಳದಲ್ಲಿ ಬರದ ವರ್ಷಗಳುದ್ದಕ್ಕೂ ಕುರಿ ಮೇಯುತ್ತಿದ್ದವು. ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿದ್ದವು. ಎರಡು ಸಾವಿರದ ಐದರ ಹಿಂಗಾರಿನಲ್ಲಿ, ಮುಂಗಾರಿನ ಪಾಲನ್ನೂ ಸೇರಿಸಿ ಸುರಿದಂತೆ, ಒಂದೇ ವಾರದಲ್ಲಿ ಕೆರೆ ತುಂಬಿಬಿಟ್ಟಿತು. ಹೆಚ್ಚಾದ ನೀರು ಹೊರಗೆ ಹರಿದು ಕೆಳಗಿನ ಊರಿನ ಕೆರೆ ಸೇರಲೆಂದು ಏರಿಯ ಕೊನೆಯಲ್ಲಿ ಕಲ್ಲಿನ ಕೋಡಿ ಇತ್ತು. ನೀರು ಕೋಡಿ ಮುಟ್ಟುವ ಮೊದಲೇ ಕಾಂಚನಾಳ ಮಾವ ಜೋಗಪ್ಪ ಗೊಬ್ಬರದ ಚೀಲಗಳಿಗೆ ಮರಳು ತುಂಬಿಸಿ ಅದರ ಮೇಲೆ ಅಡ್ಡ ಪೇರಿಸಿದ್ದರು. ಬಂದ ನೀರನ್ನು ಕಳಿಸಲು ಯಾರಿಗೂ ಮನಸ್ಸಿರಲಿಲ್ಲ.

ಕಾಂಚನಾ ಏರಿ ಹತ್ತಿ ಬಂದಾಗ ಜೋಗಪ್ಪ ಹಿರಿಯರ ನಡುವೆ ಕೂತಿದ್ದರು.

"ಮಾವ, ಹಿಂದೆ ಕೆಂಪು ನೀರು ಜಿನುಗ್ತೈತೆ. ಚೀಲ ತೆಗೆಸಿದ್ರೆ ಏರಿ ಮೇಲಿನ ಭಾರ ಇಳೀತಿತ್ತು."

"ತುಂಬಿದ ಕೆರೆ ಜಿನುಗದೆ ಇರ್ತೈತೇನಮ್ಮ?"

ಪಕ್ಕದಲ್ಲಿದ್ದ ಪಾತಣ್ಣ ಬೀಡಿ ಆರಿಸಿ ನಕ್ಕ. "ಕಾಂಚನಮ್ಮ ಮಳೆ ಬರ್ಲಿಲ್ಲ ಅಂದ್ರೂ ಹೆದರ್ತಾಳೆ, ಬಂದ್ರೂ ಹೆದರ್ತಾಳೆ. ಮಳೆರಾಯ ಇವಳನ್ನ ಕೇಳಿ ಬರ್ಬೇಕೇನೋ ಜೋಗಣ್ಣ."

ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು, ಯಾಕೆಂದರೆ ಅದು ನಿಜವಾಗಿತ್ತು. ಕೋಡಿಯ ಎತ್ತರ ಗೊತ್ತುಮಾಡಿದವರು ತಮ್ಮ ಕಾಲದ ಮಳೆ ನೋಡಿ ಕಟ್ಟಿದ್ದರು, ತಿಂಗಳುಗಟ್ಟಲೆ ಹಂಚಿಕೊಂಡು ಬರುತ್ತಿದ್ದ ಮಳೆಯನ್ನು. ಈಗಿನದು ವರ್ಷಗಟ್ಟಲೆ ಮುಖ ತೋರಿಸದೆ ಒಂದು ದಿನ ನುಗ್ಗಿಬರುತ್ತದೆ. ಅಂಥ ಮಳೆಗೆ ಇದ್ದ ಒಂದು ಬಾಗಿಲನ್ನೂ ಮುಚ್ಚಿದ್ದಾರೆ. ಹೀಗೆಂದು ಹೇಳಬೇಕೆನಿಸಿತು. ಆದರೆ ತಾನೇ ತಪ್ಪಿದ್ದರೆ? ಇಷ್ಟು ಕಾದು ಪಡೆದ ನೀರನ್ನು ತನ್ನ ಭಯಕ್ಕಾಗಿ ಹರಿಯಬಿಟ್ಟಂತಾದರೆ? ಕೊಂಡ್ಲಹಳ್ಳಿಯ ದಿಕ್ಕಿಗೆ ಮೋಡ ಕಪ್ಪಾಗುತ್ತಿತ್ತು.

ಮನೆಯಲ್ಲಿ ಅತ್ತೆ ಸೂರಮ್ಮ ಶೇಂಗಾ ಸುಲಿಯುತ್ತಿದ್ದರು. ಕೆರೆ ಕೋಡಿ ಬಿದ್ದ ದಿನ ಗಂಗಮ್ಮನಿಗೆ ಮೊಳಕಾಲ್ಮೂರು ಸೀರೆಯಲ್ಲಿ ಉಡಿ ತುಂಬುತ್ತೇನೆಂದು ಬರದ ಮೊದಲ ವರ್ಷವೇ ಅವರು ಹರಕೆ ಹೊತ್ತಿದ್ದರು. ಹಸಿರು ಸೀರೆ ಟ್ರಂಕಿನಲ್ಲೇ ಉಳಿದಿತ್ತು.

"ಕೋಡಿ ಬಿತ್ತೇನೆ?"

ಕೆಂಪು ನೀರಿನ ಮಾತು ಕಾಂಚನಾಳ ಬಾಯಿಯವರೆಗೆ ಬಂತು. ಅದನ್ನು ಒಳಗೇ ಇಟ್ಟುಕೊಂಡಳು.

"ಇಲ್ಲತ್ತೆ. ಈ ಸಲ ಬೀಳಲ್ಲ. ಮಾವ ಚೀಲ ಇಡಿಸ್ಯಾರಲ್ಲ."

ಸೂರಮ್ಮನ ಕೈ ನಿಂತಿತು. "ನೀರು ಹರೀದೆ ಉಡಿ ಎಲ್ಲಿ ತುಂಬ್ಲಿ?"

"ನಾನೇನ್ ಹೇಳ್ಲಿ ಅತ್ತೆ."

ಸ್ವಲ್ಪ ಹೊತ್ತಿನಲ್ಲೇ ಸೂರಮ್ಮ ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಬಳೆಗಳಿದ್ದ ಮೊರ ಹೊತ್ತು ಹೊರಟರು. ಕೇರಿಯ ಹೆಂಗಸರು ಹಿಂದೆಯೇ ಬಂದರು. ಕೋಡಿಯ ಹತ್ತಿರ ಸೂರಮ್ಮ ಮೊರ ಇಳಿಸಿ, ಗಂಡನನ್ನು ಕೇಳಿದರು:

"ನೋಡ್ರಿ, ಗಂಗಮ್ಮಗೆ ಉಡಿ ತುಂಬ್ಲೋ, ನಿಮ್ ಗೊಬ್ಬರದ ಚೀಲಕ್ಕೆ ತುಂಬ್ಲೋ?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ನೀರು ಹರಿದ್ರೆ ನಿನ್ ತವರಿನ ಕೆರೆಗೆ ಹೋಗ್ತೈತೆ ಅಂತ ಅಲ್ವಾ ಈ ಆಟ?" ಎಂದರು ಜೋಗಪ್ಪ.

"ಹೋಗ್ಲಿ. ಹೆಣ್ಣು ಕೊಟ್ಟೋರಿಗೆ ನೀರಾದ್ರೂ ಕೊಡ್ರಿ."

ಜೋಗಪ್ಪ ಮೊರದಲ್ಲಿದ್ದ ಹಸಿರು ಸೀರೆಯನ್ನು ನೋಡಿದರು. ಆಮೇಲೆ ಪಂಚೆ ಮೇಲೆ ಕಟ್ಟಿ, ಮೊದಲ ಚೀಲಕ್ಕೆ ತಾವೇ ಕೈ ಹಾಕಿದರು. ನೀರು ಕಲ್ಲಿನ ಮೇಲೆ ಹಾಯ್ದು, ಒಣಗಿದ್ದ ಹಳ್ಳಕ್ಕೆ ಬಿದ್ದು, ದಾರಿ ನೆನಪು ಮಾಡಿಕೊಳ್ಳುವಂತೆ ನಿಧಾನವಾಗಿ ಕೆಳಗೆ ಹೋಯಿತು.

ಕೊಂಡ್ಲಹಳ್ಳಿಯ ಮೋಡ ಇತ್ತ ಬರಲೇ ಇಲ್ಲ. ಆ ಹಿಂಗಾರಿನಲ್ಲಿ ಮತ್ತೆ ದೊಡ್ಡ ಮಳೆಯಾಗಲಿಲ್ಲ. ಕೆರೆಯ ನೀರು ಕೋಡಿಯ ಮಟ್ಟಕ್ಕೆ ಇಳಿದು ನಿಂತಿತು.

"ಚೀಲ ಇದ್ದಿದ್ರೆ ಇನ್ನೊಂದು ಮೊಣಕಾಲುದ್ದ ನೀರಿರ್ತಿತ್ತು," ಎಂದು ಪಾತಣ್ಣ ಕಂಡಾಗಲೆಲ್ಲ ಅನ್ನುತ್ತಿದ್ದ. ಕಾಂಚನಾ ಅಂದುಕೊಳ್ಳುತ್ತಿದ್ದಳು: ಒಡೆಯದ ಏರಿ ಒಡೆಯುತ್ತಿತ್ತೆಂದು ಯಾರಿಗೆ ತೋರಿಸುವುದು?

ಒಂದು ಬೆಳಿಗ್ಗೆ ಜೋಗಪ್ಪ ಅವಳನ್ನು ಏರಿಯ ಹಿಂದಕ್ಕೆ ಕರೆದರು. "ಎಲ್ಲಿ ಕಂಡಿದ್ದಮ್ಮ ನೀನು?"

ಅವಳು ಜಾಲಿ ಬೊಡ್ಡೆ ತೋರಿಸಿದಳು. ಅವರು ಕುಕ್ಕರುಗಾಲಲ್ಲಿ ಕೂತು ಬೊಗಸೆಯೊಡ್ಡಿದರು. ಬಹಳ ಹೊತ್ತಿಗೆ ಸ್ವಲ್ಪ ನೀರು ಕೂಡಿತು. ತಿಳಿಯಾಗಿತ್ತು, ಅಂಗೈಯ ಗೆರೆ ಕಾಣುವಷ್ಟು. ಬೊಡ್ಡೆಯ ಸುತ್ತ ಮಾತ್ರ, ಅವತ್ತು ಹರಿದುಬಂದಿದ್ದ ಏರಿಯ ಮಣ್ಣು ಕೆಂಪಗೆ ಬೀಸಣಿಗೆಯಂತೆ ಹರಡಿ ಒಣಗಿತ್ತು. ಅದರ ಮೇಲೆ ಬೆರಳಾಡಿಸಿ ಜೋಗಪ್ಪ ಎದ್ದರು.

"ನಿಮ್ಮತ್ತೆಗೆ ಇದನ್ನ ಹೇಳಿದ್ಯೇನು?"

"ಇಲ್ಲ ಮಾವ. ಹರಕೆ ನೆನಪು ಮಾಡ್ದೆ ಅಷ್ಟೆ."

ಜೋಗಪ್ಪ ಮೀಸೆಯಡಿ ನಕ್ಕರು. "ಬೇಸಿಗೇಲಿ ಈ ಬೊಡ್ಡೆ ಕೀಳ್ಸಿ ಏರಿ ಗಟ್ಟಿ ಮಾಡಿಸ್ಬೇಕು. ಆ ಚೀಲ ಸುಮ್ನೆ ಬಿದ್ದಾವೆ, ಮರಳು ಸುರಿದು ಮನೆಗೆ ತರ್ಸು."