ಟೂಟಿ ಆಯಿಲ್ ಇಲ್ಲದ ಸ್ಕೂಟರ್

ಮದುವೆಗೆಂದು ಸುಪ್ರಜಾಳನ್ನು ನೋಡಲು ಬಂದ ಕಶ್ಯಪ್ ತ್ಯಾಗರಾಜನಗರದ ಅವಳ ಮನೆಗೆ ಸ್ಕೂಟರ್ ತಳ್ಳಿಕೊಂಡು ಬಂದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಅವನ ತಂದೆತಾಯಿ ಆಟೋದಲ್ಲಿ ಮೊದಲೇ ಬಂದು ಕಾಫಿ ಕುಡಿದು ಮುಗಿಸಿದ್ದರು.

"ಮಲ್ಲೇಶ್ವರಂನಿಂದ ಚೆನ್ನಾಗೇ ಬಂತು. ಗಾಂಧಿಬಜಾರ್ ದಾಟಿದ್ಮೇಲೆ ಎಂಜಿನ್ ಗಪ್ಪಂತ ಹಿಡ್ಕೊಂಡ್ಬಿಡ್ತು," ಎಂದು ಗೇಟಿನ ಬಳಿಯೇ ನಿಂತು ಸಂಕೋಚದಿಂದ ಹೇಳಿದ. ಸ್ಕೂಟರ್ ಅವನ ಸೋದರಮಾವನದು, ಬಹಳ ಹಳೆಯದು. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಕಶ್ಯಪ್ ಅದನ್ನು ಓಡಿಸಿದ್ದು ಅಂದೇ ಮೊದಲು.

ಸುಪ್ರಜಾ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನ್ ಆಯಿಲ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ಒಳಗೆ ಕೂತಿರಲಾರದೆ ಎದ್ದು ಬಂದಳು.

"ಪೆಟ್ರೋಲ್ ಹಾಕಿಸಿದ್ರಾ?"

"ಹೂಂ, ಟ್ಯಾಂಕ್ ಖಾಲಿ ಇತ್ತು."

"ಅದರ ಜೊತೆ ಟೂಟಿ ಆಯಿಲ್?"

"ಅದ್ಯಾಕೆ?"

ಸುಪ್ರಜಾಗೆ ನಗು ತಡೆಯಲಾಗಲಿಲ್ಲ. "ಈ ಹಳೇ ಗಾಡೀಲಿ ಆಯಿಲ್ ಪೆಟ್ರೋಲ್ ಜೊತೆಗೇ ಎಂಜಿನ್ ಒಳಗೆ ಹೋಗ್ಬೇಕು. ಪಿಸ್ಟನ್ ಸುತ್ತ ತೆಳ್ಳಗೆ ಒಂದು ಪದರ ಕಟ್ಟುತ್ತೆ. ಅದಿಲ್ದಿದ್ರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಕೊಳ್ಳುತ್ತೆ."

"ಅಡುಗೆ ಎಣ್ಣೆ ಹಾಕಿದ್ರೆ ಆಗಲ್ವಾ?"

"ಬಿಸಿಗೆ ಅಂಟಂಟಾಗ್ಬಿಡುತ್ತೆ. ಟೂಟಿ ಆಯಿಲಲ್ಲಿ ಮುಕ್ಕಾಲು ಪಾಲು ಕಚ್ಚಾ ತೈಲದಿಂದ ಶುದ್ಧ ಮಾಡಿ ತೆಗೆದ ಎಣ್ಣೆ. ಎಂಜಿನ್ ಸವೀಬಾರ್ದು, ಮಸಿ ಕಟ್ಟಬಾರ್ದು ಅಂತ ಒಂದಿಷ್ಟು ರಾಸಾಯನಿಕ ಬೆರೆಸ್ತೀವಿ."

ಅವಳ ತಂದೆ ವೆಂಕಟಾಚಲ ಬಂಕಿಗೆ ಹೋಗಿ ಆಯಿಲ್ ಡಬ್ಬಿ ತಂದುಕೊಟ್ಟರು. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಸುಪ್ರಜಾ ಪ್ಲಗ್ ಬಿಚ್ಚಿ ಒಳಗೆ ನಾಲ್ಕು ಹನಿ ಬಿಟ್ಟಳು, ಟ್ಯಾಂಕಿಗೂ ಅಳತೆ ನೋಡಿ ಸುರಿದು ಗಾಡಿಯನ್ನು ಚೆನ್ನಾಗಿ ಅಲುಗಾಡಿಸಿದಳು. ಪ್ಲಗ್ ಕೂರಿಸಿದ ಮೇಲೆ ಕಶ್ಯಪ್ ಕಿಕ್ ಹೊಡೆದ. ಮೊದಲು ಕೆಮ್ಮಿದ ಸ್ಕೂಟರ್ ಆಮೇಲೆ ಬೀದಿ ತುಂಬ ಹೊಗೆ ಬಿಟ್ಟು ಗುಡುಗಿತು. ಅವನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕರು.

"ಒಂದು ರೌಂಡ್ ಹೋಗಿ ನೋಡ್ಬೇಕು. ಹಿಂದೆ ಕೂತ್ಕೊಳ್ಳಿ," ಎಂದಳು ಸುಪ್ರಜಾ. ಕಶ್ಯಪ್ ತನ್ನ ತಂದೆಯ ಮುಖ ನೋಡಿದ. ಅವರು ಹೋಗು ಎಂದು ಕೈ ಬೀಸಿದರು.

ಪಾರ್ಕಿನ ತಿರುವಿನಲ್ಲಿ ಅವನು ಕೇಳಿದ, "ಗಾಡಿ ವಿಷ್ಯದಲ್ಲಿ ನಾನು ದಡ್ಡ. ಪರ್ವಾಗಿಲ್ವಾ?"

"ಗೊತ್ತಿಲ್ದಿದ್ದನ್ನ ಕೇಳ್ತೀರಲ್ಲ. ಸುಮಾರು ಜನ ನಂಗೇ ಪಾಠ ಹೇಳೋಕೆ ಬರ್ತಾರೆ."

"ಹಾಗಾದ್ರೆ ಮನೇಲಿ ಏನಂತ ಹೇಳ್ಲಿ?"

ಸುಪ್ರಜಾ ಮನೆಯ ತಿರುವನ್ನು ಬಿಟ್ಟು, ಇನ್ನೊಂದು ಸುತ್ತಿಗೆ ಸ್ಕೂಟರನ್ನು ನೇರ ಮುಂದಕ್ಕೆ ಓಡಿಸಿದಳು.