ಹಲ್ಲು ಮೇಲಾದ ಗರಗಸ

ಮಗಳು ನನ್ನ ಸೊಂಟದೆತ್ತರಕ್ಕಿದ್ದಾಗ ಒಂದು ಮಾತು ಕೊಟ್ಟಿದ್ದೆ. ಆಟಿಕೆ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತವಳನ್ನು ಅಲ್ಲಿಂದ ಕದಲಿಸಲು ಬೇರೆ ದಾರಿ ಇರಲಿಲ್ಲ. "ಇಂಥದೇ ತೂಗುಕುದುರೆ ನಾನೇ ಕೈಯಾರೆ ಮಾಡಿಕೊಡ್ತೀನಿ. ನೀನು ನನ್ನಷ್ಟು ಎತ್ತರ ಆಗೋದ್ರೊಳಗೆ." ಅಳು ನಿಂತಿತು. ಆ ಗಡುವು ಆಗ ನನಗೆ ಜನ್ಮಾಂತರದಷ್ಟು ದೂರ ಕಂಡಿತ್ತು.

ಮಕ್ಕಳು ಬೆಳೆಯುವುದು ನಾವು ದುಡಿಯಲು ಹೋದ ಹೊತ್ತಿನಲ್ಲಿ. ನಾನು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುವವಳು. ಮನೆಗೆ ಬಂದರೆ ಅಡುಗೆ, ಪಾತ್ರೆ, ಅತ್ತೆಯ ಮಾತ್ರೆ. ಕುದುರೆ ನಾಳೆಗೆ ಹೋಗುತ್ತಲೇ ಇತ್ತು. ಮಗಳು ನನಗೆ ನಾಳೆಯಮ್ಮ ಎಂದು ಹೆಸರಿಟ್ಟಳು. ರಜೆ ಬಂತೆಂದರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಎತ್ತರ ನೋಡುವುದು ಅವಳ ಚಟ. ಕಳೆದ ಸಲ ನಿಂತಾಗ ನಮ್ಮಿಬ್ಬರ ನಡುವೆ ಉಳಿದಿದ್ದು ಒಂದೇ ಬೆರಳು.

"ಬಿಡಮ್ಮ, ಇನ್ನೇನು ಕುದುರೆ. ನಾನೇ ಕತ್ತೆ ಥರ ಬೆಳೆದಿದ್ದೀನಿ," ಎಂದು ನಕ್ಕಳು.

ಆ ನಗು ಕಣ್ಣಿನವರೆಗೆ ಏರಲಿಲ್ಲ. ನಾಳೆಯಮ್ಮ ಎಂಬ ಹೆಸರು ಸಾಯುವ ತನಕ ನನಗೆ ಅಂಟಿಕೊಳ್ಳುತ್ತದೋ ಇಲ್ಲವೋ ಎನ್ನುವುದು ಆ ಒಂದು ಬೆರಳಿನ ಮೇಲೆ ನಿಂತಿತ್ತು.

ಮರುದಿನ ಕೆಲಸ ಮುಗಿಸಿದವಳೇ ಫೋಟೋಗಳಿಗೆ ಕಟ್ಟು ಹಾಕುವ ಯಜಮಾನರ ಅಂಗಡಿಗೆ ನುಗ್ಗಿದೆ. ಕಣ್ಣು ಮಂಜಾಯಿತೆಂದು ಅವರು ಕಸುಬು ಬಿಡುತ್ತಿದ್ದರು. ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ ಅವರ ಬ್ಯಾಂಡ್‌ಸಾ ಮಾರಾಟಕ್ಕಿತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಸುತ್ತುವ ದೊಡ್ಡ ಬಳೆಯಂಥ ಗರಗಸದ ಬ್ಲೇಡು. ಮರದಲ್ಲಿ ಬೇಕಾದ ಬಳುಕು ತೆಗೆಯುವ ಯಂತ್ರ.

"ಹಳೇದು, ಆದ್ರೆ ಹಟಮಾರಿ ಅಲ್ಲ," ಎಂದರು. "ಕೆಲಸ ಮುಗಿದ ಮೇಲೆ ಈ ತಿರುಪು ತಿರುಗಿಸಿ ಬ್ಲೇಡು ಸಡಿಲ ಬಿಡು ತಾಯಿ. ಬಿಗಿಯಾಗೇ ಬಿಟ್ರೆ ಚಕ್ರದ ರಬ್ಬರು ತಗ್ಗು ಬೀಳುತ್ತೆ. ದುಡಿದವರಿಗೆ ಮೈ ಸಡಿಲ ಬಿಡೋ ಹೊತ್ತು ಬೇಕಲ್ವಾ?"

"ನನಗೆ ಆ ತಿರುಪು ಎಲ್ಲಿದೆ ಅಂತ ಯಾರೂ ತೋರಿಸಿಲ್ಲ ಯಜಮಾನ್ರೇ!"

ಅವರು ಗಹಗಹಿಸಿ ನಕ್ಕು, ಸುರುಳಿ ಸುತ್ತಿದ ಹೊಸ ಬ್ಲೇಡೊಂದನ್ನು ಪುಕ್ಕಟೆ ಕೊಟ್ಟರು.

ಯಂತ್ರ ಮನೆ ಸೇರಿದಾಗ ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. "ಇದೇನೇ ಇದು, ಹೊಲಿಗೆ ಮಿಷಿನ್ನಿಗೆ ಅತ್ತೆ ಬಂದಂಗಿದೆ."

"ಸುಮ್ನಿರಿ ಅತ್ತೆ, ಇದು ಕೆಲಸ ಮಾಡುತ್ತೆ."

"ಓಹೋ, ನಾನು ಮಾಡಲ್ವೋ!"

ಮುಚ್ಚಳ ತೆಗೆದರೆ ಒಳಗೆ ಮರದ ಪುಡಿ ಹಿಟ್ಟಿನಂತೆ ಗಟ್ಟಿಯಾಗಿ ಕೂತಿತ್ತು. ಮಗಳು ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಮೂಲೆಮೂಲೆ ಕೆದಕಿದಳು. ಚಕ್ರದಂಚಿನ ರಬ್ಬರು ಬಿರುಕು ಬಿಟ್ಟಿತ್ತು. ಹೊಸದನ್ನು ತಂದು, ಬಿಸಿನೀರಲ್ಲಿ ನೆನೆಹಾಕಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಜಗ್ಗಿದೆವು. ಅದು ಟಪ್ಪನೆ ಕೂತಾಗ ಮೈಯೆಲ್ಲ ಪುಡಿ ಮೆತ್ತಿಕೊಂಡೇ ಇಬ್ಬರೂ ಕುಣಿದೆವು. ದಣಿವು ಎಲ್ಲಿ ಹೋಯಿತೋ! ಬ್ಲೇಡು ಹಾಕಲು ಮಾತ್ರ ನಾನು ಅವಳನ್ನು ಬಿಡಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ಅಟ್ಟಿ ಕತ್ತರಿಸುವುದೂ ಹೀಗೇ ಸುತ್ತುವ ಬ್ಲೇಡಿನಿಂದ.

"ಇದು ನನಗೆ ನೀರು ಕುಡಿದಷ್ಟು ಸಲೀಸು, ನೋಡ್ತಿರು," ಎಂದು ಕೊಚ್ಚಿಕೊಂಡೆ.

ಸ್ವಿಚ್ಚು ಒತ್ತಿದೆ. ಯಂತ್ರ ಜೇನುಗೂಡಿನಂತೆ ಗುಂಯ್ಗುಟ್ಟಿತು. ಹಲಗೆ ಒಡ್ಡಿದೆ. ಕೊಯ್ಯಲಿಲ್ಲ. ಒತ್ತಿ ಹಿಡಿದೆ. ಬ್ಲೇಡು ಕೀರಲು ದನಿಯಲ್ಲಿ ಕಿರುಚಿತು, ಹಲಗೆ ಕಪ್ಪಾಯಿತು, ಹೊಗೆ ಎದ್ದಿತು.

"ಕೊಯ್ತಿದ್ದೀಯೋ ಹುರೀತಿದ್ದೀಯೋ?" ಒಳಗಿನಿಂದ ಅತ್ತೆ ಕೇಳಿದರು.

ಮೋಟಾರು ಸತ್ತಿರಬೇಕು, ಯಜಮಾನರು ಟೋಪಿ ಹಾಕಿಬಿಟ್ಟರು ಎಂದು ನಾನು ಗೊಣಗುತ್ತಿದ್ದರೆ, ಮಗಳು ಪ್ಲಗ್ಗು ಕಿತ್ತು ಬ್ಲೇಡಿನ ಎದುರು ಬಗ್ಗಿ ಕೂತಳು.

"ಅಮ್ಮ, ಬ್ಲೇಡು ಓಡೋದು ಕೆಳಕ್ಕೆ ತಾನೆ?"

"ಹೂಂ."

"ಮತ್ತೆ ಹಲ್ಲೆಲ್ಲ ಆಕಾಶ ನೋಡ್ತಿವೆಯಲ್ಲ!"

ಬಗ್ಗಿ ನೋಡಿದೆ. ಹೌದು! ಬಟ್ಟೆಯ ಬ್ಲೇಡಿಗೆ ಹಲ್ಲೇ ಇರುವುದಿಲ್ಲ. ನುಣ್ಣನೆ ಅಲಗು, ಯಾವ ಕಡೆ ಮೇಲಾದರೂ ಒಂದೇ. ಗರಗಸಕ್ಕೆ ಮೇಲು ಕೆಳಗು ಉಂಟೆಂಬುದು ಇಷ್ಟು ವರ್ಷ ಪಳಗಿದ ಕೈಗೆ ಹೊಳೆದೇ ಇರಲಿಲ್ಲ. ಬ್ಲೇಡು ಬಿಚ್ಚಿ ತಲೆಕೆಳಗು ಮಾಡಿದೆ. ಹಲ್ಲುಗಳು ಕೆಳಗೇನೋ ನೋಡಿದವು, ಆದರೆ ಹಲಗೆ ಒಡ್ಡುವ ಕಡೆ ಬಿಟ್ಟು ಯಂತ್ರದ ಬೆನ್ನ ಕಡೆಗೆ ಹೋಗಿ ಕೂತವು.

"ಅಂಗಿ ತಿರುವಿ ಹಾಕಲ್ವಾ ನೀನು, ಒಳಗಿಂದು ಹೊರಗೆ? ಹಾಗೆ ಮಾಡು," ಎಂದಳು.

ದಿನವಿಡೀ ಬಟ್ಟೆಯೊಂದಿಗೆ ಬದುಕುವವಳಿಗೆ ಮಗಳು ಹೇಳಿಕೊಟ್ಟ ಪಾಠ! ಕೈಗವಸು ಹಾಕಿಕೊಂಡು ಬ್ಲೇಡನ್ನು ತಿರುಚಿದೆ. ಅದು ಛಂಗನೆ ಒಳಹೊರಗಾಗಿ ನೆಗೆಯಿತು. ಮತ್ತೆ ಏರಿಸಿ, ಬಿಗಿ ಮಾಡಿ, ಸ್ವಿಚ್ಚು ಒತ್ತಿ ಹಲಗೆ ಒಡ್ಡಿದರೆ, ಅಬ್ಬಾ, ಬೆಣ್ಣೆ! ಪುಡಿ ಸೊರ್ರನೆ ಸುರಿಯಿತು. ಹಸಿ ಮರದ ವಾಸನೆ ಮನೆ ತುಂಬಿತು. ಗೀಟು ಎಳೆದಂತೆ ಕುದುರೆಯ ಕತ್ತು ಬಾಗಿತು, ಬೆನ್ನು ಬಾಗಿತು, ಕೆಳಗಿನ ತೂಗುಪಟ್ಟಿಗಳು ಎರಡೂ ಬಾಗಿದವು. ಮಗಳು "ಇನ್ನೊಂದು ಅಮ್ಮ, ಇನ್ನೊಂದು!" ಎನ್ನುತ್ತಲೇ ಇದ್ದಳು. ಆಮೇಲೆ ಗೊತ್ತಾಯಿತು, ಕಾಗದದ ನಮೂನೆಯ ಸುತ್ತ ನಾನು ಅಭ್ಯಾಸಬಲದಿಂದ ಹೊಲಿಗೆಗೆಂದು ಅಂಚು ಬಿಟ್ಟಿದ್ದೆ. ಕುದುರೆ ತುಸು ದಪ್ಪಗಾಯಿತು.

"ಬಸುರಿ ಕುದುರೆ," ಎಂದರು ಅತ್ತೆ. "ನಿನ್ನ ಭಾರ ತಡೆಯುತ್ತೆ ಬಿಡು ಮಗಾ."

ಕೆಲಸಕ್ಕೂ ನಿದ್ದೆಗೂ ನಡುವೆ ಸಿಕ್ಕ ಹೊತ್ತಿನಲ್ಲಿ ಅಂಟು ಹಾಕಿದೆವು, ಉಪ್ಪುಕಾಗದದಿಂದ ಉಜ್ಜಿದೆವು. ಪ್ರತಿ ಸಲ ಏಳುವ ಮುಂಚೆ ತಿರುಪು ತಿರುಗಿಸಿ ಬ್ಲೇಡು ಸಡಿಲ ಬಿಡುವುದು ಮಗಳ ಪಾಲಿನ ಕೆಲಸ. ಅದನ್ನು ಅವಳು ಒಮ್ಮೆಯೂ ಮರೆಯಲಿಲ್ಲ.

ಕುದುರೆ ನಿಂತ ದಿನ ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟೆವು. ಅತ್ತೆ ನಮ್ಮ ತಲೆಗಳ ಮೇಲೆ ಉಳಿಕೆ ಹಲಗೆಯೊಂದನ್ನು ಅಡ್ಡ ಇಟ್ಟರು.

"ಅಮ್ಮನೇ ಮೇಲೆ!" ಮಗಳು ಕೂಗಿದಳು. "ಅಮ್ಮ ಗೆದ್ದಳು!"

"ಮೊಣಕಾಲು ಬಗ್ಗಿಸಿದ್ದೀಯಲ್ಲೇ ಕಳ್ಳಿ," ಎಂದು ಅತ್ತೆ ಅವಳ ಕಾಲಿಗೆ ಒಂದು ತಟ್ಟಿದರು. "ನೆಟ್ಟಗೆ ನಿಲ್ಲು."

ನೆಟ್ಟಗೆ ನಿಂತಳು. ಹಲಗೆ ನನ್ನ ಕಡೆಗೆ ವಾಲಿತು. ಅವಳು ಹಲಗೆಯನ್ನು ಅಜ್ಜಿಯ ಕೈಗೆ ತುರುಕಿ, ಓಡಿ ಹೋಗಿ ಕುದುರೆ ಏರಿ, ಮನೆ ಅದುರುವಂತೆ ಕೇಕೆ ಹಾಕುತ್ತ ತೂಗತೊಡಗಿದಳು.

ಮಗಳು ನನಗಿಂತ ಎತ್ತರವಾಗಿದ್ದಾಳೆ. ಕುದುರೆ ತಡವಾಯಿತು. ಮಾತು ತಪ್ಪಿತು.